ಪಾರ್ಕಿನ್ಸನ್: ಕೈ ನಡುಗುವ ಮೊದಲೇ ಕಾಣುವ ಕಾಯಿಲೆ

ಬಲ ಭುಜ ಹಿಡಿದುಕೊಂಡಿದೆ ಎಂದು ಮೂಳೆ ಡಾಕ್ಟರ ಹತ್ತಿರ ಹೋಗುತ್ತಾರೆ. ಎಕ್ಸ್‌ರೇ ಆಗುತ್ತದೆ. ಮುಲಾಮು, ವ್ಯಾಯಾಮ, ಕೆಲವೊಮ್ಮೆ ಭುಜಕ್ಕೇ ಇಂಜೆಕ್ಷನ್. ತಿಂಗಳುಗಟ್ಟಲೆ ಹೀಗೇ ನಡೆದರೂ ಗುಣ ಕಾಣುವುದಿಲ್ಲ. ಅಷ್ಟರಲ್ಲಿ ಅದೇ ಕೈ ಅಂಗಿಯ ಗುಂಡಿ ಹಾಕಲು ತಡವರಿಸತೊಡಗುತ್ತದೆ. ಮನೆಯವರು "ವಯಸ್ಸಾಯ್ತು ಅಲ್ವಾ" ಎಂದು ಸುಮ್ಮನಾಗುತ್ತಾರೆ. ಪಾರ್ಕಿನ್ಸನ್ ಕಾಯಿಲೆ ಎಷ್ಟೋ ಜನರಲ್ಲಿ ಹೀಗೆ ಶುರುವಾಗುತ್ತದೆ. ಕೈ ನಡುಗದ ಕಾರಣ ಯಾರಿಗೂ ಅನುಮಾನವೇ ಬರುವುದಿಲ್ಲ.

ನಡುಕ ಈ ಕಾಯಿಲೆಯ ಪ್ರಸಿದ್ಧ ಲಕ್ಷಣ, ನಿಜ. ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಶುರುವಿನಲ್ಲಿ ನಡುಕ ಇರುವುದೇ ಇಲ್ಲ. ಇರಲೇಬೇಕಾದದ್ದು ನಿಧಾನ. 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದನ್ನೇ: ಚಲನೆ ನಿಧಾನವಾಗಿರಬೇಕು, ಅದರ ಜೊತೆಗೆ ಸ್ನಾಯುಗಳ ಬಿಗಿತ ಅಥವಾ ಸುಮ್ಮನೆ ಕೂತಾಗಿನ ನಡುಕ ಇರಬೇಕು. ನಿಧಾನವಿಲ್ಲದೆ ಬರೀ ನಡುಕವಿದ್ದರೆ ಪಾರ್ಕಿನ್ಸನ್ ಎಂದು ಹೇಳಲಾಗದು.

ಈ ನಿಧಾನಕ್ಕೆ ಕಾರಣ ಮಿದುಳಿನ ತಳಭಾಗದಲ್ಲಿದೆ. ಅಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಪಟ್ಟಿ ಇದೆ. ಅದರ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈ ಬೀಸುವುದು, ಕಣ್ಣು ಮಿಟುಕಿಸುವುದು, ಮುಖದಲ್ಲಿ ನಗು ಮೂಡುವುದು, ಹೀಗೆ ನಾವು ಯೋಚಿಸದೇ ಮಾಡುವ ಚಲನೆಗಳು ಸರಾಗವಾಗಿ ನಡೆಯಲು ಡೋಪಮಿನ್ ಬೇಕು. ಈ ಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ಲಕ್ಷಣ ಎದ್ದು ಕಾಣುವ ಹೊತ್ತಿಗೆ ದೊಡ್ಡ ಪಾಲು ಹೋಗಿಯೇ ಬಿಟ್ಟಿರುತ್ತದೆ.

ಹಾಗಾಗಿ ಮೊದಲು ಕೆಡುವುದು ಯೋಚಿಸದೇ ಮಾಡುವ ಕೆಲಸಗಳೇ. ನಡೆಯುವಾಗ ಒಂದು ಕೈ ಬೀಸುತ್ತದೆ, ಇನ್ನೊಂದು ಮೈಗೆ ಅಂಟಿಕೊಂಡಿರುತ್ತದೆ. ಒಂದು ಕಾಲಿನ ಚಪ್ಪಲಿ ಮಾತ್ರ ನೆಲಕ್ಕೆ ಉಜ್ಜುತ್ತದೆ. ಚೆಕ್ಕಿನ ಮೇಲಿನ ಸಹಿ ಬ್ಯಾಂಕಿನಲ್ಲಿರುವ ಹಳೆಯ ಸಹಿಗೆ ಹೊಂದುವುದಿಲ್ಲ, ಅಕ್ಷರಗಳು ಸಾಲು ಮುಗಿಯುವಷ್ಟರಲ್ಲಿ ಚಿಕ್ಕದಾಗಿ ಬಿಡುತ್ತವೆ. ದನಿ ತಗ್ಗುತ್ತದೆ. ಮುಖ ಸಪ್ಪೆಯಾಗಿ, ಬೇಜಾರಿನಲ್ಲಿರುವವರ ಹಾಗೆ ಕಾಣುತ್ತದೆ. ಕೈಕಾಲಿನ ತೊಂದರೆಗಳು ಮೈಯ ಒಂದೇ ಬದಿಯಲ್ಲಿ ಶುರುವಾಗುವುದು ಬಹಳ ಮುಖ್ಯವಾದ ಸುಳಿವು. ಬರೀ ವಯಸ್ಸಿನ ನಿಧಾನವಾದರೆ ಎರಡೂ ಬದಿಗೆ ಬರುತ್ತದೆ.

ಇವುಗಳಿಗೂ ವರ್ಷಗಳ ಮೊದಲೇ ಬರುವ ಕೆಲವು ಸೂಚನೆಗಳಿವೆ. ಒಗ್ಗರಣೆ ಸೀದರೂ, ಪಕ್ಕದಲ್ಲೇ ಮಲ್ಲಿಗೆ ಇದ್ದರೂ ವಾಸನೆ ತಿಳಿಯದಿರುವುದು ಒಂದು. ಬಿಡದೆ ಕಾಡುವ ಮಲಬದ್ಧತೆ ಇನ್ನೊಂದು. ಇವೆರಡಕ್ಕೂ ಬೇರೆ ನೂರು ಕಾರಣಗಳಿರಬಹುದು, ಸುಮ್ನೆ ಹೆದರುವುದು ಬೇಡ. ಆದರೆ ಮೂರನೆಯದು ಅಷ್ಟು ಸಾಮಾನ್ಯವಲ್ಲ. ಕನಸಿನಲ್ಲಿ ಕಂಡದ್ದನ್ನು ಮೈಯಿಂದ ಮಾಡುವುದು. ನಿದ್ದೆಯಲ್ಲೇ ಕೂಗುವುದು, ಒದೆಯುವುದು, ಪಕ್ಕದಲ್ಲಿ ಮಲಗಿದವರಿಗೆ ಏಟು ಬೀಳುವುದು. ಕನಸಿನ ಹೊತ್ತಿನಲ್ಲಿ ಮೈ ಅಲುಗದಂತೆ ಮಿದುಳು ತಡೆದಿರುತ್ತದೆ. ಆ ತಡೆ ಸಡಿಲವಾದಾಗ ಹೀಗಾಗುತ್ತದೆ. ಈ ನಿದ್ರಾ ತೊಂದರೆ ಖಚಿತವಾದವರನ್ನು ಹತ್ತು ಹನ್ನೆರಡು ವರ್ಷ ಗಮನಿಸಿದಾಗ ಹೆಚ್ಚಿನವರಲ್ಲಿ ಪಾರ್ಕಿನ್ಸನ್ ಅಥವಾ ಅದರ ಹತ್ತಿರದ ಇನ್ನೊಂದು ಕಾಯಿಲೆ ಕಂಡಿದೆ. ಇದನ್ನು ರೋಗಿ ಹೇಳಲಾರರು, ಪಕ್ಕದಲ್ಲಿ ಮಲಗುವವರೇ ಹೇಳಬೇಕು.

ಈ ಕಾಯಿಲೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದ್ದು 1817ರಲ್ಲಿ, ಲಂಡನ್ನಿನ ಹಾಕ್ಸ್‌ಟನ್‌ನ ವೈದ್ಯ ಜೇಮ್ಸ್ ಪಾರ್ಕಿನ್ಸನ್. ಅವರು ಬರೆದದ್ದು ಆರೇ ಆರು ಜನರ ಬಗ್ಗೆ. ಅವರಲ್ಲಿ ಕೆಲವರು ಬೀದಿಯಲ್ಲಿ ಸಿಕ್ಕವರು. ಒಬ್ಬರನ್ನಂತೂ ದೂರದಿಂದ ನೋಡಿದ್ದಷ್ಟೇ. ನಡಿಗೆ, ಬಾಗಿದ ಮೈ, ನಡುಗುವ ಕೈಗಳನ್ನು ನೋಡಿಯೇ ಗುರುತಿಸಿದರು. ನಂತರ ಪ್ಯಾರಿಸ್ಸಿನ ಶಾರ್ಕೋ ಎಂಬ ನರರೋಗ ತಜ್ಞರು ನಿಧಾನ ಬೇರೆ, ನಿಶ್ಶಕ್ತಿ ಬೇರೆ ಎಂದು ತೋರಿಸಿಕೊಟ್ಟರು. ನಡುಕ ಎಲ್ಲರಲ್ಲೂ ಇರುವುದಿಲ್ಲ ಎಂದರು. ಕಾಯಿಲೆಗೆ ಪಾರ್ಕಿನ್ಸನ್ ಹೆಸರು ಬರಲು ಕಾರಣವೂ ಅವರೇ.

200 ವರ್ಷ ಕಳೆದರೂ ಕಾಯಿಲೆ ಗುರುತಿಸಲು ಮುಖ್ಯ ಸಾಧನ ಕಣ್ಣೇ. ನರರೋಗ ತಜ್ಞರು ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಟ್ಟಲು ಹೇಳುತ್ತಾರೆ. ಪಾರ್ಕಿನ್ಸನ್ ಇದ್ದರೆ ತಟ್ಟುತ್ತಾ ಹೋದಂತೆ ಬೆರಳು ತೆರೆದುಕೊಳ್ಳುವ ಅಂತರ ಕಿರಿದಾಗುತ್ತದೆ, ನಡುನಡುವೆ ನಿಂತುಬಿಡುತ್ತದೆ. ಮಣಿಕಟ್ಟನ್ನು ಹಿಡಿದು ತಿರುಗಿಸಿ ಬಿಗಿತ ನೋಡುತ್ತಾರೆ. ನಡೆಸಿ, ತಿರುಗಿಸಿ, ಹಿಂದಿನಿಂದ ಭುಜ ಎಳೆದು ರೋಗಿ ಬೀಳದೆ ಸಮತೋಲನ ಕಾಯ್ದುಕೊಳ್ಳುತ್ತಾರಾ ಎಂದು ಗಮನಿಸುತ್ತಾರೆ. "ಡಾಕ್ಟರು ಏನೂ ಟೆಸ್ಟ್ ಮಾಡಿಸಲಿಲ್ಲ, ಬೆರಳು ತಟ್ಟಿಸಿ ಕಳಿಸಿದರು" ಎಂದು ಕೆಲವರು ಅಸಮಾಧಾನ ಪಡುತ್ತಾರೆ. ಆ ಬೆರಳು ತಟ್ಟಿಸಿದ್ದೇ ಟೆಸ್ಟ್.

ಎಂಆರ್‌ಐ ಮಾಡಿಸಿ ನಾರ್ಮಲ್ ಬಂತು ಎಂದು ಸಮಾಧಾನ ಪಡುವವರೂ ಇದ್ದಾರೆ. ಸಾಮಾನ್ಯ ಎಂಆರ್‌ಐನಲ್ಲಿ ಪಾರ್ಕಿನ್ಸನ್ ಕಾಣುವುದಿಲ್ಲ. ಗೆಡ್ಡೆ, ಪಾರ್ಶ್ವವಾಯು, ಮಿದುಳಲ್ಲಿ ನೀರು ತುಂಬಿಕೊಂಡಿರುವುದು, ಇಂಥ ಬೇರೆ ಕಾರಣಗಳಿಲ್ಲ ಎಂದು ತಿಳಿಯಲು ಅದು ಬೇಕು, ಅಷ್ಟೇ. ಡೋಪಮಿನ್ ಕೋಶಗಳ ತುದಿಗಳನ್ನೇ ತೋರಿಸುವ ಟ್ರೋಡ್ಯಾಟ್ ಎಂಬ ಸ್ಕ್ಯಾನ್ ಇದೆ. ಗೊಂದಲವಿದ್ದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಗೊಂದಲ ಎಲ್ಲಿ ಆಗುತ್ತದೆ? ಜಾಸ್ತಿ ಆಗುವುದು ಇನ್ನೊಂದು ಬಗೆಯ ನಡುಕದ ಜೊತೆ. ಕಾಫಿ ಲೋಟ ಎತ್ತಿದಾಗ, ಬರೆಯುವಾಗ, ಕೈ ಚಾಚಿದಾಗ ಎರಡೂ ಕೈ ನಡುಗುತ್ತವೆ. ತೊಡೆಯ ಮೇಲೆ ಇಟ್ಟರೆ ನಿಲ್ಲುತ್ತದೆ. ಅಪ್ಪನಿಗೋ ಅಜ್ಜಿಗೋ ಇದ್ದಿರುತ್ತದೆ. ಇದು ಬೇರೆಯೇ ತೊಂದರೆ, ಇದಕ್ಕೆ ಔಷಧಿಯೂ ಬೇರೆ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಉಲ್ಟಾ. ಕೈ ಸುಮ್ಮನೆ ಇದ್ದಾಗ ನಡುಗುತ್ತದೆ, ಕೆಲಸಕ್ಕೆ ಹೊರಟಾಗ ಕಡಿಮೆಯಾಗುತ್ತದೆ.

ಇನ್ನೊಂದು ಕಾರಣ ನಮ್ಮ ಮನೆಗಳ ಮಾತ್ರೆ ಡಬ್ಬಿಯಲ್ಲೇ ಇರುತ್ತದೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಕೆಲವು ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಬೆರೆತಿರುವ ಲೆವೊಸಲ್ಪಿರೈಡ್, ಕೆಲವು ಮಾನಸಿಕ ಕಾಯಿಲೆಗಳ ಔಷಧಿಗಳು, ಇವು ಥೇಟ್ ಪಾರ್ಕಿನ್ಸನ್ ಹಾಗೆಯೇ ಕಾಣುವ ನಿಧಾನ, ಬಿಗಿತ, ನಡುಕ ತರಬಲ್ಲವು. ಹತ್ತು ದಿನಕ್ಕೆ ಬರೆದ ಚೀಟಿಯನ್ನೇ ಹಿಡಿದು ಅಂಗಡಿಯಲ್ಲಿ ವರ್ಷಗಟ್ಟಲೆ ಕೊಳ್ಳುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಲ್ವಾ? ಕಾರಣ ಮಾತ್ರೆಯಾಗಿದ್ದರೆ, ನಿಲ್ಲಿಸಿದ ಮೇಲೆ ಕೆಲವು ತಿಂಗಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಇಡಿ.

ನಲವತ್ತು ದಾಟದವರಲ್ಲಿ ಈ ಲಕ್ಷಣ ಕಂಡರೆ ವಿಲ್ಸನ್ ಕಾಯಿಲೆಯನ್ನು ನೋಡಲೇಬೇಕು. ಮೈಯಲ್ಲಿ ತಾಮ್ರ ಶೇಖರವಾಗುವ ಅನುವಂಶಿಕ ತೊಂದರೆ ಅದು. ರಕ್ತ ಮತ್ತು ಮೂತ್ರ ಪರೀಕ್ಷೆ, ಕಣ್ಣಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. ಬೇಗ ಗೊತ್ತಾದರೆ ಔಷಧಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಇಂಥ ರೋಗಿಗಳನ್ನು ನೋಡುತ್ತಿದ್ದಾರೆ.

ಔಷಧಿಗೆ ಮೈ ಹೇಗೆ ಸ್ಪಂದಿಸುತ್ತದೆ ಎಂಬುದೂ ಒಂದು ಪರೀಕ್ಷೆಯೇ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿ ಲೆವೊಡೋಪ. ಅದು ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಚಲನೆ ಎದ್ದು ಕಾಣುವಂತೆ ಸುಧಾರಿಸಿದರೆ ಪಾರ್ಕಿನ್ಸನ್ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಇದೇ ಲೆವೊಡೋಪ ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿ ಬೀಜದಲ್ಲೂ ಇದೆ. 1937ರಲ್ಲೇ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೀಜದಿಂದ ಬೇರ್ಪಡಿಸಿದ್ದರು. ಹಾಗಂತ ಬೀಜದ ಪುಡಿಯನ್ನು ಅಂದಾಜಿಗೆ ತಿನ್ನುವುದು ಅಪಾಯ. ಎಷ್ಟು ಔಷಧಿ ಒಳಗೆ ಹೋಯಿತು ಎಂಬ ಲೆಕ್ಕವೇ ಸಿಗುವುದಿಲ್ಲ. ಡಾಕ್ಟರಿಗೆ ಹೇಳದೆ ತಿಂದರೆ ರೋಗ ಗುರುತಿಸುವುದೂ ಕಷ್ಟವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ನಿರ್ಣಯ ತಪ್ಪಬಹುದು. ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ ಹೋಲಿಸಿದಾಗ ನೂರರಲ್ಲಿ ಸುಮಾರು 80 ಪ್ರಕರಣಗಳಲ್ಲಿ ಮಾತ್ರ ನಿರ್ಣಯ ಸರಿಯಿತ್ತು. ಉಳಿದವು ಪಾರ್ಕಿನ್ಸನ್ ಹಾಗೆ ಕಾಣುವ ಬೇರೆ ಕಾಯಿಲೆಗಳು. ಮೊದಲ ವರ್ಷಗಳಲ್ಲೇ ಪದೇ ಪದೇ ಬೀಳುವುದು, ಕಣ್ಣನ್ನು ಮೇಲೆ ಕೆಳಗೆ ಹೊರಳಿಸಲು ಆಗದಿರುವುದು, ಎದ್ದು ನಿಂತರೆ ಬಿಪಿ ಕುಸಿಯುವುದು, ಬೇಗನೆ ಮರೆವು ಮತ್ತು ಭ್ರಮೆ ಬರುವುದು, ಇವು ಅಂಥವುಗಳ ಸುಳಿವು. ಅದಕ್ಕೇ ಒಂದು ಭೇಟಿ ಸಾಲದು. ಮನೆಯಲ್ಲಿ ನಡೆಯುವ, ಉಣ್ಣುವ, ನಿದ್ದೆಯಲ್ಲಿ ಒದ್ದಾಡುವ ವಿಡಿಯೋಗಳನ್ನು ಫೋನಿನಲ್ಲಿ ಹಿಡಿದಿಟ್ಟು ಪ್ರತಿ ಭೇಟಿಯಲ್ಲೂ ತೋರಿಸಿ. ಡಾಕ್ಟರ ಎದುರು ಹತ್ತು ನಿಮಿಷ ರೋಗಿ ಚೆನ್ನಾಗಿಯೇ ನಡೆದುಬಿಡಬಹುದು.

ನಿರ್ಣಯವಾದ ಮೇಲೆ ಎಷ್ಟೋ ಮನೆಗಳಲ್ಲಿ ಹೆಸರನ್ನು ಹಿರಿಯರಿಂದ ಮುಚ್ಚಿಡುತ್ತಾರೆ. ಅದು ಪ್ರೀತಿಯಿಂದಲೇ, ಒಪ್ಪುತ್ತೇನೆ. ಆದರೂ ಹೇಳಿಬಿಡಿ ಎನ್ನುವುದು ನನ್ನ ಕಳಕಳಿಯ ಕೋರಿಕೆ. ಮಾತ್ರೆಯನ್ನು ಗಂಟೆ ತಪ್ಪದೆ ನುಂಗಬೇಕಾದವರು ಅವರು. ಅದರ ಪರಿಣಾಮ ಎಷ್ಟು ಹೊತ್ತು ಇತ್ತು ಎಂದು ಹೇಳಬೇಕಾದವರೂ ಅವರೇ. ದಿನವೂ ಬೆವರು ಬರುವಷ್ಟು ನಡೆದು ವ್ಯಾಯಾಮ ಮಾಡಬೇಕಾದವರಿಗೆ ಯಾಕೆ ಮಾಡುತ್ತಿದ್ದೇವೆ ಎಂದು ಗೊತ್ತಿರಬೇಕು.