ಅಮೆರಿಕದ ಎಂಬಿಎ ಅರ್ಜಿ: ಜಿಪಿಎ ಚೌಕದಲ್ಲಿ ಏನು ಬರೆಯಬೇಕು?

ಅಮೆರಿಕದ ಬಿಸಿನೆಸ್ ಸ್ಕೂಲುಗಳ ಅರ್ಜಿಯಲ್ಲಿ ಹೆಸರು, ವಿಳಾಸ, ಉದ್ಯೋಗದ ವಿವರ ತುಂಬುವುದಕ್ಕೆ ಯಾರ ನೆರವೂ ಬೇಕಾಗುವುದಿಲ್ಲ. ನಾನು ಎರಡು ಸಂಜೆ ಪೂರ್ತಿ ಕೂತದ್ದು ಜಿಪಿಎ, ಅಂದರೆ ಪದವಿಯ ಸರಾಸರಿ ಅಂಕ, ಎಂಬ ಒಂದೇ ಚೌಕದ ಮುಂದೆ. ಆ ಗೊಂದಲ ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನನ್ನದು ವಿಟಿಯುವಿನ ಮೆಕ್ಯಾನಿಕಲ್ ಪದವಿ, ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ) 10ಕ್ಕೆ 7.75. ನಮ್ಮ ಸ್ಕೀಮಿನ ಸೂತ್ರದಂತೆ ಅದರಿಂದ 0.75 ಕಳೆದು 10ರಿಂದ ಗುಣಿಸಿದರೆ ಶೇಕಡಾ 70 ಬರುತ್ತದೆ. ಅಮೆರಿಕದಲ್ಲಿ ಜಿಪಿಎ ಸಾಮಾನ್ಯವಾಗಿ 4ಕ್ಕೆ ಇರುವುದರಿಂದ, ನಾನು 7.75ನ್ನು 10ರಿಂದ ಭಾಗಿಸಿ 4ರಿಂದ ಗುಣಿಸಿದೆ, 3.1 ಬಂತು. ಅನುಮಾನವಾಗಿ ಶೇಕಡಾ 70ನ್ನು 25ರಿಂದ ಭಾಗಿಸಿದೆ, 2.8 ಬಂತು. ಮೂರನೆಯ ದಾರಿ ಇನ್ನೂ ಗಾಬರಿ ಹುಟ್ಟಿಸಿತು. ಅಲ್ಲಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ 90ರ ಮೇಲಿನ ಅಂಕಕ್ಕೆ ಎ, ಅಂದರೆ 4. 80ರ ಮೇಲಿನದಕ್ಕೆ ಬಿ, ಅಂದರೆ 3. 70ರ ಮೇಲಿನದಕ್ಕೆ ಸಿ, ಅಂದರೆ 2. ಈ ಲೆಕ್ಕ ಹಿಡಿದರೆ ನಮ್ಮಲ್ಲಿ ಡಿಸ್ಟಿಂಕ್ಷನ್ ಎನಿಸಿಕೊಂಡ ಅಂಕ ಅಲ್ಲಿ ಬರೀ 'ಸಿ' ಆಗುತ್ತದೆ. ಒಂದೇ ಅಂಕಪಟ್ಟಿಗೆ ಮೂರು ಉತ್ತರ!

ತಪ್ಪು ಎಲ್ಲಿದೆಯೆಂದು ಹೊಳೆಯಲು ಒಂದು ದಿನ ಹಿಡಿಯಿತು. ಎರಡೂ ದೇಶಗಳ 70 ಒಂದೇ ಎಂದು ಹಿಡಿದುಕೊಂಡಲ್ಲೇ ನಾನು ಎಡವಿದ್ದೆ. ನಮ್ಮ ಮೌಲ್ಯಮಾಪಕರು ಥಿಯರಿ ಪತ್ರಿಕೆಗೆ 100ಕ್ಕೆ 90 ಕೊಡುವುದು ಅಪರೂಪ. ಅಲ್ಲಿ 90 ಎಂಬುದು ಚೆನ್ನಾಗಿ ಓದಿದವನಿಗೆ ಸಿಗಬೇಕಾದ ಸಾಮಾನ್ಯ ಅಂಕ. ತರಗತಿಯಲ್ಲಿ ಒಬ್ಬನು ಎಷ್ಟನೆಯವನಾಗಿದ್ದ ಎಂಬ ಸಂಗತಿ ಭಾಗಾಕಾರ ಮಾಡಿದ ಕ್ಷಣದಲ್ಲೇ ಕಳೆದುಹೋಗುತ್ತದೆ, ಆಯ್ಕೆ ಸಮಿತಿಗೆ ಬೇಕಾಗಿರುವುದೋ ಅದೇ ಸಂಗತಿ.

ಹಾಗಾಗಿ ಪರಿಹಾರ ನಾಚಿಕೆಯಾಗುವಷ್ಟು ಸರಳ: ಪರಿವರ್ತಿಸಬಾರದು. ನಾನು ತೆರೆದ ಅರ್ಜಿಗಳ ಸೂಚನೆಯಲ್ಲೇ ಈ ಮಾತು ಇತ್ತು, ನಾನು ಓದಿರಲಿಲ್ಲ ಅಷ್ಟೆ. ಅಂಕ 7.75, ಮಾಪಕ 10 ಎಂದು ಅಂಕಪಟ್ಟಿಯಲ್ಲಿ ಇರುವಂತೆಯೇ ತುಂಬಿ, ತರಗತಿಯಲ್ಲಿ ನಿಮ್ಮ ಸ್ಥಾನ ಗೊತ್ತಿದ್ದರೆ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಒಂದು ವಾಕ್ಯ ಸೇರಿಸಿದರೆ ಸಾಕು. ಪ್ರತಿವರ್ಷ ಭಾರತದ ಅರ್ಜಿಗಳನ್ನು ರಾಶಿಗಟ್ಟಲೆ ಓದುವವರಿಗೆ ನಮ್ಮ ಡಿಸ್ಟಿಂಕ್ಷನ್ ಎಂದರೇನೆಂದು ಗೊತ್ತಿರುತ್ತದೆ. ಶಾಲೆಗಳು ಪ್ರಕಟಿಸುವ ತರಗತಿಯ ಸರಾಸರಿ ಜಿಪಿಎ ನೋಡಿ ಎದೆಗುಂದುವ ಕಾರಣವೂ ಇಲ್ಲ; ಹಲವು ಶಾಲೆಗಳು ಆ ಸರಾಸರಿಯನ್ನು 4ರ ಮಾಪಕದಲ್ಲಿ ಓದಿದವರಿಂದ ಮಾತ್ರ ಲೆಕ್ಕ ಹಾಕುತ್ತವೆ, ನಾವು ಅದರೊಳಗೆ ಬರುವುದೇ ಇಲ್ಲ.

ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಗಳನ್ನು ಅರ್ಜಿಯ ಹಂತದಲ್ಲಿ ಬಹಳಷ್ಟು ಶಾಲೆಗಳು ಒಪ್ಪುತ್ತವೆ, ಮುಚ್ಚಿದ ಲಕೋಟೆಯ ಅಧಿಕೃತ ದಾಖಲೆಯನ್ನು ಪ್ರವೇಶ ಸಿಕ್ಕ ಮೇಲೆ ಕೇಳುತ್ತವೆ. ನನ್ನ ಆರನೆಯ ಸೆಮಿಸ್ಟರಿನ ಅಂಕಪಟ್ಟಿಯನ್ನು ಅಪ್ಪ ಜೋಪಾನಕ್ಕೆಂದು ಲ್ಯಾಮಿನೇಟ್ ಮಾಡಿಸಿದ್ದರು. ಫೋನಿನಲ್ಲಿ ಫೋಟೊ ತೆಗೆದಾಗಲೆಲ್ಲ ಟ್ಯೂಬ್‌ಲೈಟಿನ ಬಿಳಿ ಗೆರೆ ಸರಿಯಾಗಿ ಅಂಕಗಳ ಮೇಲೆಯೇ ಬಿದ್ದು, ಕೊನೆಗೆ ಜೆರಾಕ್ಸ್ ಅಂಗಡಿಯ ಸ್ಕ್ಯಾನರಿಗೆ ಹೋಗಬೇಕಾಯಿತು. ಮೂರು ವರ್ಷದ ಬಿಕಾಂ ಓದಿದ ನನ್ನ ರೂಮ್‌ಮೇಟ್ ತನಗೆ ಅರ್ಹತೆಯೇ ಇಲ್ಲವೆಂದು ಸುಮ್ಮನೆ ಕೂತಿದ್ದ; ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳು ಮೂರು ವರ್ಷದ ಪದವಿಯನ್ನೂ ಪರಿಗಣಿಸುತ್ತವೆ.

ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಬಗ್ಗೆ ಒಂದೇ ಎಚ್ಚರಿಕೆ. 2024ರ ಫೆಬ್ರವರಿಯಿಂದ ಹೊಸ ಸ್ವರೂಪದ ಪರೀಕ್ಷೆ ಮಾತ್ರ ನಡೆಯುತ್ತಿದೆ: ಕ್ವಾಂಟ್, ವರ್ಬಲ್, ಡೇಟಾ ಇನ್‌ಸೈಟ್ಸ್ ಎಂಬ ಮೂರು ಭಾಗಗಳು, ಒಂದೊಂದಕ್ಕೂ 45 ನಿಮಿಷ. ಅಂಕ 205ರಿಂದ 805ರವರೆಗೆ, ಕೊನೆಯಂಕಿ ಯಾವಾಗಲೂ 5. ಸೀನಿಯರುಗಳು ಹೇಳುವ '700 ದಾಟಬೇಕು' ಎಂಬ ಮಾತು ಹಳೆಯ ಪರೀಕ್ಷೆಯದು. ಹೊಸದರ 645 ಹೆಚ್ಚುಕಡಿಮೆ ಹಳೆಯ 700ಕ್ಕೆ ಸಮ. ನನ್ನ ಮೊದಲ ಅಣಕು ಪರೀಕ್ಷೆಯಲ್ಲಿ 635 ಬಂದಾಗ ನಾನು ವೃಥಾ ಒಂದು ವಾರ ಮಂಕಾಗಿದ್ದೆ.

ಶಿಫಾರಸು ಪತ್ರದ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮ ಮ್ಯಾನೇಜರ್ ಸರ್ ಒಳ್ಳೆಯ ಮನಸ್ಸಿನಿಂದಲೇ "ನೀನೇ ಬರೆದು ಕಳಿಸಪ್ಪ, ನಾನು ಸೈನ್ ಹಾಕಿ ಕೊಡ್ತೀನಿ" ಎಂದರು. ನಮ್ಮಲ್ಲಿ ಇದು ರೂಢಿ. ಆದರೆ ಅಲ್ಲಿ ಅಭ್ಯರ್ಥಿ ತನ್ನ ಪತ್ರವನ್ನು ತಾನೇ ಬರೆಯುವುದನ್ನು ವಂಚನೆಯೆಂದೇ ಪರಿಗಣಿಸುತ್ತಾರೆ. ಪತ್ರ ತುಂಬುವ ಲಿಂಕ್ ನೇರವಾಗಿ ಶಿಫಾರಸುದಾರರ ಇಮೇಲಿಗೆ ಹೋಗುತ್ತದೆ. ಹಲವು ಶಾಲೆಗಳು ಕೇಳುವ ಎರಡು ಮುಖ್ಯ ಪ್ರಶ್ನೆಗಳೆಂದರೆ, ಅದೇ ಮಟ್ಟದ ಸಮರ್ಥರ ನಡುವೆ ಈ ವ್ಯಕ್ತಿ ಹೇಗೆ ನಿಲ್ಲುತ್ತಾನೆ ಮತ್ತು ನೀವು ಆತನಿಗೆ ಹೇಳಿದ ಅತಿ ಮುಖ್ಯ ತಿದ್ದುಪಡಿ ಯಾವುದು, ಅದನ್ನು ಆತ ಹೇಗೆ ಸ್ವೀಕರಿಸಿದ. ನಾನು ಸರ್ ಜೊತೆ ಅರ್ಧ ಗಂಟೆ ಕೂತು, ಒಟ್ಟಿಗೆ ಮಾಡಿದ ಪ್ರಾಜೆಕ್ಟುಗಳನ್ನೂ ಅವರು ನನ್ನನ್ನು ಗದರಿದ ಒಂದು ಸಂದರ್ಭವನ್ನೂ ನೆನಪಿಸಿ ಎದ್ದು ಬಂದೆ. ಆ ಗದರಿಕೆಯೇ ಎರಡನೆಯ ಪ್ರಶ್ನೆಗೆ ಉತ್ತರವಾಯಿತೆಂದು ಅವರೇ ಆಮೇಲೆ ನಕ್ಕು ಹೇಳಿದರು.

ಮೊದಲ ಸುತ್ತಿನ ಗಡುವು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯ ಆರಂಭದಲ್ಲಿ ಬರುತ್ತದೆ. ಮೂರನೆಯ ಸುತ್ತು ನಮ್ಮಂಥವರಿಗಲ್ಲ, ಏಕೆಂದರೆ ಪ್ರವೇಶ ಸಿಕ್ಕ ಮೇಲೆ ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಿ ಐ-20 (ವಿದ್ಯಾರ್ಥಿ ವೀಸಾಕ್ಕೆ ಶಾಲೆ ಕೊಡುವ ಪತ್ರ) ಪಡೆಯಬೇಕು, 350 ಡಾಲರ್ ಸೆವಿಸ್ ಶುಲ್ಕ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ನೋಂದಣಿಯದು) ಕಟ್ಟಬೇಕು, ಆನಂತರ ವೀಸಾ ಸಂದರ್ಶನದ ದಿನ ಸಿಗಬೇಕು; ಇಷ್ಟಕ್ಕೆಲ್ಲ ಆಗ ಸಮಯ ಸಾಲದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅದರೊಂದಿಗೇ ಶುರುವಾಗಲಿಲ್ಲ. ಹಾಗಾಗಿ ನನ್ನ ಯೋಜನೆಯಲ್ಲಿ ವೀಸಾ ಸಂದರ್ಶನಕ್ಕೆ ಚೆನ್ನೈ ರೈಲಿನ ಟಿಕೆಟ್ಟೂ ಸೇರಿದೆ. ಶಿಕ್ಷಣ ಸಾಲದ ಮಂಜೂರಾತಿ ಪತ್ರವನ್ನು ಐ-20ಕ್ಕೆ ಲಗತ್ತಿಸಬಹುದಾದ್ದರಿಂದ, ಅರ್ಜಿಯ ಫಲಿತಾಂಶಕ್ಕೆ ಕಾಯದೆ ಈ ವಾರವೇ ಬ್ಯಾಂಕಿಗೆ ಹೋಗಿ ಯಾವ ಯಾವ ಕಾಗದ ಬೇಕೆಂದು ಕೇಳಿ ಬಂದಿದ್ದೇನೆ.