ಡೈರೆಕ್ಟರಿಯಲ್ಲಿ ಎಷ್ಟು ಫೈಲ್ ಇವೆ? ಒಂದೇ ಜಾಗ, ಬೇರೆ ಬೇರೆ ಲೆಕ್ಕ

ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ ಫೈಲ್ ಎಣಿಸುವುದು ಹೇಗೆ ಅಂತ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಇದು:

ಎಲ್‌ಎಸ್ | ಡಬ್ಲ್ಯುಸಿ -ಎಲ್

(ಕಮ್ಯಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.)

ಎಲ್‌ಎಸ್ ಡೈರೆಕ್ಟರಿಯಲ್ಲಿ (ಅಂದರೆ ಫೋಲ್ಡರ್‌ನಲ್ಲಿ) ಇರುವ ಹೆಸರುಗಳ ಪಟ್ಟಿ ಕೊಡುತ್ತದೆ, ನಡುವಿನ ನೇರ ಗೆರೆ ಅಂದರೆ ಪೈಪ್ ಆ ಪಟ್ಟಿಯನ್ನು ಡಬ್ಲ್ಯುಸಿಗೆ ಕಳಿಸುತ್ತದೆ, ಡಬ್ಲ್ಯುಸಿ ಅದರ ಸಾಲು ಎಣಿಸುತ್ತದೆ. ಉತ್ತರ ತಪ್ಪೇನಲ್ಲ. ಆದರೆ ಡಬ್ಲ್ಯುಸಿಗೆ ಫೈಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಎಣಿಸುವುದು ಸಾಲು ಮುಗಿಯಿತು ಎಂಬ ಗುರುತುಗಳನ್ನು, ಅಷ್ಟೆ. ಹಾಗಾಗಿ ಪೈಪ್‌ನ ಎಡಗಡೆ ಎಂಥ ಪಟ್ಟಿ ತಯಾರಾಗುತ್ತಿದೆ ಎಂಬುದನ್ನು ನೋಡಬೇಕು.

ಇಲ್ಲಿ ಒಂದು ಸಂಶಯ ಬರಬಹುದು. ಪರದೆಯ ಮೇಲೆ ಎಲ್‌ಎಸ್ ಹೆಸರುಗಳನ್ನು ಅಕ್ಕಪಕ್ಕ ಕಾಲಂ ಮಾಡಿ ತೋರಿಸುತ್ತದೆ ಅಲ್ವಾ, ಹಾಗಿದ್ದರೆ ಸಾಲು ಎಣಿಸಿದರೆ ಲೆಕ್ಕ ಹೇಗೆ ಸರಿ ಬರುತ್ತದೆ? ತನ್ನ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯೋ ಪೈಪ್‌ಗೋ ಎಂಬುದನ್ನು ಎಲ್‌ಎಸ್ ಮೊದಲು ನೋಡಿಕೊಳ್ಳುತ್ತದೆ. ಪೈಪ್ ಆದರೆ ಸಾಲಿಗೊಂದು ಹೆಸರು ಕೊಡುತ್ತದೆ. ಹಳೆಯ ಯುನಿಕ್ಸ್‌ನಲ್ಲಿ ಎಲ್ಲಿಗೆ ಹೋದರೂ ಸಾಲಿಗೊಂದೇ ಹೆಸರಿತ್ತು, ಕಾಲಂ ಬಂದದ್ದು ಆಮೇಲೆ ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ.

ಈಗ ಪ್ರಯೋಗಕ್ಕೆ ಒಂದು ಡೈರೆಕ್ಟರಿ ಮಾಡಿಕೊಳ್ಳಿ. ಅದರಲ್ಲಿ 3 ಸಾಮಾನ್ಯ ಫೈಲ್, ಹೆಸರು ಚುಕ್ಕಿಯಿಂದ ಶುರುವಾಗುವ 1 ಹಿಡನ್ ಫೈಲ್, 1 ಸಿಂಬಾಲಿಕ್ ಲಿಂಕ್ (ಬೇರೊಂದು ಫೈಲಿನ ಕಡೆ ಬೆರಳು ತೋರಿಸುವ ಹೆಸರು), 1 ಸಬ್‌ಡೈರೆಕ್ಟರಿ ಇರಲಿ. ಆ ಸಬ್‌ಡೈರೆಕ್ಟರಿಯೊಳಗೆ ಇನ್ನೂ 4 ಫೈಲ್ ಹಾಕಿ.

ಮೇಲಿನ ಕಮ್ಯಾಂಡ್ ಕೊಟ್ಟರೆ 5 ಬರುತ್ತದೆ: 3 ಫೈಲ್, ಲಿಂಕ್, ಸಬ್‌ಡೈರೆಕ್ಟರಿ. ಹಿಡನ್ ಫೈಲ್ ಬಿಟ್ಟುಹೋಯಿತು, ಡೈರೆಕ್ಟರಿ ಸುಮ್ನೆ ಸೇರಿಕೊಂಡಿತು. ಎಲ್‌ಎಸ್‌ಗೆ ದೊಡ್ಡ ಎ ಆಪ್ಷನ್ ಕೊಟ್ಟರೆ ಹಿಡನ್ ಫೈಲೂ ಸೇರಿ 6. ಸಣ್ಣ ಎ ಕೊಟ್ಟರೆ 8, ಯಾಕೆಂದರೆ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ಹೆಸರುಗಳೂ ಪಟ್ಟಿಗೆ ಬರುತ್ತವೆ. ಒಂದು ಇದೇ ಡೈರೆಕ್ಟರಿ, ಇನ್ನೊಂದು ಇದರ ಮೇಲಿನದು. ಎಲ್‌ಎಸ್‌ಗೆ ಸಣ್ಣ ಎಲ್ ಆಪ್ಷನ್ ಕೊಟ್ಟು ಎಣಿಸಿದರೂ 6 ಬರುತ್ತದೆ, ಕಾರಣ ಮಾತ್ರ ಬೇರೆ. ಅಲ್ಲಿ ಹಿಡನ್ ಫೈಲ್ ಇಲ್ಲ, ಮೊದಲ ಸಾಲಿನಲ್ಲಿ 'ಟೋಟಲ್' ಅಂತ ಒಂದು ಮೊತ್ತ ಕೂತಿರುತ್ತದೆ. ದೊಡ್ಡ ಎ ಕೊಟ್ಟಾಗಲೂ 6, ಇಲ್ಲೂ 6. ಸಂಖ್ಯೆ ಹೊಂದಿತು ಅಂತ ನಂಬಿಬಿಡುವ ಅಪಾಯ ಇರುವುದು ಇಂಥ ಕಡೆಯೇ.

ನಿಜವಾಗಿ ಫೈಲ್‌ಗಳನ್ನಷ್ಟೇ ಎಣಿಸಬೇಕಾದರೆ ಫೈಲ್ ಹುಡುಕುವ ಫೈಂಡ್ ಕಮ್ಯಾಂಡ್‌ಗೆ ಹೋಗುವುದು ಒಳ್ಳೆಯದು:

ಫೈಂಡ್ . -ಟೈಪ್ ಎಫ್ | ಡಬ್ಲ್ಯುಸಿ -ಎಲ್

ಇದು ಸಬ್‌ಡೈರೆಕ್ಟರಿಗಳ ಒಳಗೂ ಇಳಿಯುತ್ತದೆ, ಹಿಡನ್ ಫೈಲನ್ನೂ ಬಿಡುವುದಿಲ್ಲ. ಉತ್ತರ 8: ಮೇಲೆ 3 ಮತ್ತು 1, ಒಳಗೆ 4. ಲಿಂಕ್ ಲೆಕ್ಕಕ್ಕೆ ಬರುವುದಿಲ್ಲ: ಟೈಪ್ ಎಫ್ ಅಂದರೆ ಸಾಮಾನ್ಯ ಫೈಲ್, ಲಿಂಕ್‌ನ ಟೈಪ್ ಎಲ್. ಮೇಲಿನ ಹಂತದಲ್ಲಷ್ಟೇ ಎಣಿಸಲು ಚುಕ್ಕಿಯ ನಂತರ '-ಮ್ಯಾಕ್ಸ್‌ಡೆಪ್ತ್ 1' ಸೇರಿಸಿ, 4 ಸಿಗುತ್ತದೆ. ಟೈಪ್ ಹೇಳುವುದನ್ನೇ ಮರೆತರೆ 11. ಫೈಂಡ್ ಲಿಂಕನ್ನೂ ಸಬ್‌ಡೈರೆಕ್ಟರಿಯನ್ನೂ ಹೇಳುತ್ತದೆ, ಜೊತೆಗೆ ತಾನು ಹೊರಟ ಡೈರೆಕ್ಟರಿಯನ್ನೂ ಸೇರಿಸಿಕೊಳ್ಳುತ್ತದೆ.

ಒಂದು ಬಗೆಯ ಫೈಲ್ ಮಾತ್ರ ಬೇಕಾದರೆ '-ನೇಮ್' ಇದೆ. ನಕ್ಷತ್ರ ಚಿಹ್ನೆ ಇರುವ ಹೆಸರನ್ನು ಕೊಟೇಶನ್ ಗುರುತಿನೊಳಗೆ ಬರೆಯಿರಿ. ಇಲ್ಲದಿದ್ದರೆ ಫೈಂಡ್‌ಗೆ ತಲುಪುವ ಮೊದಲೇ ಶೆಲ್ (ನೀವು ಟೈಪ್ ಮಾಡಿದ ಕಮ್ಯಾಂಡ್ ಓದಿ ಓಡಿಸುವ ಪ್ರೋಗ್ರಾಂ) ಅದನ್ನು ಬಿಡಿಸಿ, ಈ ಡೈರೆಕ್ಟರಿಯಲ್ಲಿ ಹೊಂದುವ ಹೆಸರುಗಳನ್ನು ಅಲ್ಲಿ ತುಂಬಿಬಿಡುತ್ತದೆ.

ಇಷ್ಟಾದ ಮೇಲೂ ಒಂದು ತೂತು ಉಳಿದಿದೆ. ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಫೈಲ್ ಹೆಸರಿನೊಳಗೆ ಬರಬಾರದ ಬೈಟ್ ಎರಡೇ: ಓರೆಗೆರೆ ಮತ್ತು ಶೂನ್ಯ ಬೈಟ್. ಅಂದರೆ ಹೆಸರಿನ ನಡುವೆ ನ್ಯೂಲೈನ್ (ಸಾಲು ಮುಗಿಯಿತು ಎಂಬ ಆ ಗುರುತು) ಕೂಡ ಇರಬಹುದು. ಅಂಥ ಒಂದು ಫೈಲ್ ಇದ್ದರೆ ಡಬ್ಲ್ಯುಸಿ ಅದನ್ನು 2 ಅಂತ ಎಣಿಸುತ್ತದೆ. ನಿಮ್ಮದೇ ಫೋಲ್ಡರ್‌ನಲ್ಲಿ ಇದು ಅಪರೂಪ. ಬೇರೆಯವರು ಫೈಲ್ ಅಪ್‌ಲೋಡ್ ಮಾಡುವ ಜಾಗಕ್ಕೆ ಸ್ಕ್ರಿಪ್ಟ್ ಬರೆಯುವಾಗ ಅಪರೂಪ ಅಂತ ಬಿಡುವ ಹಾಗಿಲ್ಲ. ಪರಿಹಾರ ಸುಲಭ, ಹೆಸರನ್ನು ಪ್ರಿಂಟ್ ಮಾಡುವುದೇ ಬೇಡ. ಒಂದು ಫೈಲಿಗೆ ಒಂದು ಅಕ್ಷರ ಪ್ರಿಂಟ್ ಮಾಡಿಸಿ, ಬೈಟ್ ಎಣಿಸಿ:

ಫೈಂಡ್ . -ಟೈಪ್ ಎಫ್ -ಪ್ರಿಂಟ್‌ಎಫ್ ಎಕ್ಸ್ | ಡಬ್ಲ್ಯುಸಿ -ಸಿ

ಕೊನೆಯಲ್ಲಿ ಎಲ್ ಅಲ್ಲ, ಸಿ. ಈ 'ಪ್ರಿಂಟ್‌ಎಫ್' ಇರುವುದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಗ್ನು ಫೈಂಡ್‌ನಲ್ಲಿ. ಮ್ಯಾಕ್‌ನ ಜೊತೆಗೆ ಬರುವ ಫೈಂಡ್‌ಗೆ ಅದು ಗೊತ್ತಿಲ್ಲ. ಅಲ್ಲಿ '-ಎಕ್ಸೆಕ್' ಬಳಸಿ ಪ್ರತಿ ಫೈಲಿಗೆ ಒಂದು ಖಾಲಿ 'ಎಕೋ' ಓಡಿಸಿ ಸಾಲು ಎಣಿಸಬಹುದು. ಫೈಲ್ ಜಾಸ್ತಿ ಇದ್ದರೆ ಇದು ನಿಧಾನ.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಪೈಪ್‌ನಲ್ಲಿ ಹರಿಯುವುದು ಸಾಲುಗಳಲ್ಲ, ಆಬ್ಜೆಕ್ಟ್‌ಗಳು, ಅಂದರೆ ಒಂದೊಂದು ಫೈಲಿಗೂ ಒಂದೊಂದು ಘಟಕ. '(ಗೆಟ್-ಚೈಲ್ಡ್‌ಐಟಂ -ಫೈಲ್).ಕೌಂಟ್' ಅಂದರೆ ಸಾಕು. ಒಳಗೆಲ್ಲ ಇಳಿಯಲು '-ರಿಕರ್ಸ್', ಹಿಡನ್ ಫೈಲ್ ಸೇರಿಸಲು '-ಫೋರ್ಸ್'.

ಲಕ್ಷಗಟ್ಟಲೆ ಫೈಲ್ ಇರುವ ಡೈರೆಕ್ಟರಿಯಲ್ಲಿ ಎಲ್‌ಎಸ್ ಸಿಕ್ಕಿಕೊಂಡ ಹಾಗೆ ಕಂಡರೆ ಗಾಬರಿ ಬೇಡ. ಅದು ಎಲ್ಲ ಹೆಸರನ್ನೂ ಓದಿ, ವಿಂಗಡಿಸಿ, ಆಮೇಲೆ ಪ್ರಿಂಟ್ ಮಾಡುತ್ತದೆ. ಸಣ್ಣ ಎಫ್ ಆಪ್ಷನ್ ಕೊಟ್ಟರೆ ವಿಂಗಡಣೆ ಇಲ್ಲ. ಆದರೆ ಅದು ಸಣ್ಣ ಎ ಆಪ್ಷನ್ನನ್ನೂ ಜೊತೆಗೆ ತರುತ್ತದೆ, ಬಂದ ಸಂಖ್ಯೆಯಲ್ಲಿ 2 ಕಳೆಯಿರಿ.

ಫೈಂಡ್ ಓಡಿಸುವಾಗ 'ಪರ್ಮಿಷನ್ ಡಿನೈಡ್' ಎಂಬ ಸಾಲು ಕಂಡರೆ ಅದನ್ನು ದಾಟಿ ಹೋಗಬೇಡಿ. ಆ ಸಾಲು ಸ್ಟ್ಯಾಂಡರ್ಡ್ ಎರರ್ ಎಂಬ, ಎರರ್ ಸಂದೇಶಗಳಿಗೇ ಇರುವ ಬೇರೆ ದಾರಿಗೆ ಹೋಗುತ್ತದೆ, ಪೈಪ್‌ಗೆ ಬರುವುದಿಲ್ಲ. ಹಾಗಾಗಿ ಲೆಕ್ಕ ಕೆಡದ ಹಾಗೆ ಕಾಣುತ್ತದೆ. ಆದರೆ ಒಳಗೆ ನೋಡಲು ಅನುಮತಿ ಸಿಗದ ಆ ಡೈರೆಕ್ಟರಿಯೊಳಗಿನ ಫೈಲ್‌ಗಳು ಎಣಿಕೆಗೆ ಸೇರಿಯೇ ಇಲ್ಲ. ಎರರ್ ಸಾಲು ಕಣ್ಣಿಗೆ ಬೀಳದಂತೆ ಅದನ್ನು ಡೆವ್ ನಲ್‌ಗೆ (ಕೊಟ್ಟದ್ದನ್ನೆಲ್ಲ ಎಸೆದುಬಿಡುವ ಜಾಗಕ್ಕೆ) ಕಳಿಸುವ ಅಭ್ಯಾಸ ಇದ್ದರೆ, ಎಣಿಸುವಾಗ ಮಾತ್ರ ಆ ಅಭ್ಯಾಸ ಬಿಡಿ.