ಆ ಟ್ಯೂಬ್ ಎಷ್ಟು ದಿನ ಬರುತ್ತದೆ?

ನೀವು ದಿನಾ ಬೆಳಿಗ್ಗೆ ಮುಖಕ್ಕೆ ಹಚ್ಚುವ ಮಾಯಿಶ್ಚರೈಸರ್ ಮೇಲೆ ‘ಎಸ್‌ಪಿಎಫ್ 30’ ಅಂತ ಬರೆದಿದೆಯಾ? ಹಾಗಿದ್ದರೆ ಒಂದು ಪ್ರಶ್ನೆ. 50 ಗ್ರಾಂನ ಆ ಟ್ಯೂಬ್ ನಿಮಗೆ ಎಷ್ಟು ದಿನ ಬರುತ್ತದೆ?

ನನಗೆ ಐದು ತಿಂಗಳು ಬರುತ್ತಿತ್ತು. ಚೆನ್ನಾಗಿ ಬಾಳಿಕೆ ಬರುತ್ತದೆ ಅಂತ ಖುಷಿಯೂ ಇತ್ತು. ಎಸ್‌ಪಿಎಫ್ ಎಂಬ, ಕ್ರೀಮ್ ಬಿಸಿಲಿನಿಂದ ಎಷ್ಟು ಕಾಯುತ್ತದೆ ಅಂತ ಹೇಳುವ ಅಂಕಿಯನ್ನು ಹೇಗೆ ಅಳೆಯುತ್ತಾರೆ ಅಂತ ಓದಿದ ದಿನ ಕೂತು ಲೆಕ್ಕ ಹಾಕಿದೆ. ಆ ಟ್ಯೂಬ್ ಆರು ವಾರದಲ್ಲಿ ಖಾಲಿಯಾಗಬೇಕಿತ್ತು. ಅಂದರೆ ಹಚ್ಚಬೇಕಾದ ಕ್ರೀಮಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನಷ್ಟೇ ನಾನು ಹಚ್ಚುತ್ತಿದ್ದೆ. ಇಂಥ ಕ್ರೀಮ್ ಆರಿಸುವಾಗ ನಾವು ಅಂಕಿ ನೋಡುತ್ತೇವೆ, ಪರಿಮಳ ನೋಡುತ್ತೇವೆ, ಜಾಹೀರಾತು ನೋಡುತ್ತೇವೆ. ‘ಇದನ್ನು ಪೂರ್ತಿ ಅಳತೆಯಲ್ಲಿ ದಿನಾ ಹಚ್ಚಲು ನನ್ನಿಂದ ಆಗುತ್ತದಾ?’ ಅಂತ ಮಾತ್ರ ಕೇಳಿಕೊಳ್ಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಎಸ್‌ಪಿಎಫ್ ಅಂದರೆ ‘ಸನ್ ಪ್ರೊಟೆಕ್ಷನ್ ಫ್ಯಾಕ್ಟರ್’. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಫ್ರಾನ್ಸ್ ಗ್ರೈಟರ್ 1974ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಪರೀಕ್ಷೆಯ ಕ್ರಮ ಸರಳ. ಸ್ವಯಂಸೇವಕರ ಬೆನ್ನಿನ ಒಂದು ಭಾಗಕ್ಕೆ ಕ್ರೀಮ್ ಹಚ್ಚುತ್ತಾರೆ, ಇನ್ನೊಂದು ಭಾಗವನ್ನು ಹಾಗೇ ಬಿಡುತ್ತಾರೆ. ಬಿಸಿಲನ್ನು ಹೋಲುವ ದೀಪದಿಂದ ಎರಡೂ ಕಡೆ ಬೆಳಕು ಬಿಡುತ್ತಾರೆ. ಚರ್ಮ ಎಷ್ಟು ಬೆಳಕಿಗೆ ಕೆಂಪಾಗಲು ಶುರುವಾಯಿತು ಅಂತ ಮರುದಿನ ನೋಡುತ್ತಾರೆ. ಕ್ರೀಮ್ ಹಚ್ಚಿದ ಕಡೆ ಕೆಂಪಾಗಲು 30 ಪಟ್ಟು ಹೆಚ್ಚು ಬೆಳಕು ಬೇಕಾದರೆ ಅದು ಎಸ್‌ಪಿಎಫ್ 30.

ಈ ಪರೀಕ್ಷೆಯಲ್ಲಿ ಕ್ರೀಮ್ ಹಚ್ಚುವ ಅಳತೆ ಮೊದಲೇ ಗೊತ್ತುಮಾಡಿದ್ದು. ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ. ದೊಡ್ಡವರ ಮುಖ ಮತ್ತು ಕತ್ತಿನ ಮುಂಭಾಗ ಸೇರಿದರೆ ಸುಮಾರು 600 ಚದರ ಸೆಂಟಿಮೀಟರ್. ಗುಣಿಸಿದರೆ 1.2 ಗ್ರಾಂ, ಹೆಚ್ಚುಕಡಿಮೆ ಕಾಲು ಟೀ ಚಮಚ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಈ ಅಳತೆಯ ಆಸುಪಾಸು ಬರುತ್ತದೆ. ಒಮ್ಮೆ ಹಿಂಡಿ ನೋಡಿ. ‘ಇಷ್ಟೊಂದಾ?’ ಅನ್ನಿಸುತ್ತದೆ. ಸಾಮಾನ್ಯವಾಗಿ ಜನ ಹಚ್ಚುವುದು ಇದರ ಕಾಲು ಭಾಗದಿಂದ ಅರ್ಧದಷ್ಟು ಮಾತ್ರ. ಕ್ರೀಮ್ ಕಡಿಮೆಯಾದರೆ ರಕ್ಷಣೆಯೂ ಕಡಿಮೆಯಾಗುತ್ತದೆ. ಅರ್ಧ ಅಳತೆ ಹಚ್ಚಿದವರಿಗೆ ಎಸ್‌ಪಿಎಫ್ 30ರಿಂದ ಸಿಗುವುದು ಹೆಚ್ಚೆಂದರೆ 15ರಷ್ಟು.

ಅಂಕಿ ಹೆಚ್ಚಿದ್ದರೆ ಲಾಭ ಇದೆಯಾ? ‘ಎಸ್‌ಪಿಎಫ್ 30 ಶೇ. 97ರಷ್ಟು ತಡೆಯುತ್ತದೆ, 50 ಶೇ. 98ರಷ್ಟು ತಡೆಯುತ್ತದೆ, ವ್ಯತ್ಯಾಸ ಬರೀ ಒಂದು’ ಅಂತ ಹಲವರು ಹೇಳುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ಚರ್ಮಕ್ಕೆ ಹಾನಿ ಮಾಡುವುದು ಒಳಗೆ ಹೋದ ಬೆಳಕು, ತಡೆದ ಬೆಳಕಲ್ಲ ಅಲ್ವಾ? ಎಸ್‌ಪಿಎಫ್ 30ರಲ್ಲಿ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಒಳಗೆ ಹೋಗುತ್ತದೆ. 50ರಲ್ಲಿ ಎರಡು. ಹೀಗೆ ನೋಡಿದರೆ ವ್ಯತ್ಯಾಸ ಸಣ್ಣದಲ್ಲ. ಜೊತೆಗೆ ನಾವೆಲ್ಲ ಕಡಿಮೆ ಹಚ್ಚುವವರೇ. 15 ಇದ್ದದ್ದು ಅರ್ಧವಾದರೆ ಏಳೋ ಎಂಟೋ ಉಳಿಯುತ್ತದೆ. 50 ಇದ್ದದ್ದು ಅರ್ಧವಾದರೂ 25ರ ಹತ್ತಿರ ಇರುತ್ತದೆ. ಹಾಗಾಗಿ 30ಕ್ಕಿಂತ ಕಡಿಮೆಯದನ್ನು ನಾನು ಕೊಳ್ಳುವುದಿಲ್ಲ.

ಮಾಯಿಶ್ಚರೈಸರ್ ಜೊತೆಗೇ ಬರುವ ರಕ್ಷಣೆಗೆ ಇನ್ನೊಂದು ತೊಡಕಿದೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಸಲ ಬರೀ ಸನ್‌ಸ್ಕ್ರೀನ್, ಇನ್ನೊಂದು ಸಲ ಎಸ್‌ಪಿಎಫ್ ಇರುವ ಮಾಯಿಶ್ಚರೈಸರ್ ಕೊಟ್ಟು ‘ಎಂದಿನಂತೆ ಹಚ್ಚಿಕೊಳ್ಳಿ’ ಅಂದರು. ಆಮೇಲೆ, ಬಿಸಿಲಿನಲ್ಲಿದ್ದೂ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣವನ್ನು ಹಿಡಿಯುವ ಕ್ಯಾಮೆರಾದಲ್ಲಿ ಮುಖದ ಫೋಟೋ ತೆಗೆದರು. ಆ ಫೋಟೋದಲ್ಲಿ ಕ್ರೀಮ್ ಕಿರಣವನ್ನು ಹೀರಿಕೊಂಡ ಜಾಗ ಕಪ್ಪಾಗಿ ಕಾಣುತ್ತದೆ. ಸನ್‌ಸ್ಕ್ರೀನ್ ಹಚ್ಚಿದಾಗ ಮುಖದ ಶೇ. 11.1ರಷ್ಟು ಜಾಗ ಬಿಟ್ಟುಹೋಗಿತ್ತು. ಮಾಯಿಶ್ಚರೈಸರ್ ಹಚ್ಚಿದಾಗ ಶೇ. 16.6ರಷ್ಟು. ಕಣ್ಣಿನ ಸುತ್ತ ಬಿಟ್ಟುಹೋದದ್ದು ಇನ್ನೂ ಜಾಸ್ತಿ. ರೆಪ್ಪೆಯ ಚರ್ಮ ತುಂಬಾ ತೆಳು, ಚರ್ಮದ ಕ್ಯಾನ್ಸರ್ ಅಲ್ಲೂ ಬರುತ್ತದೆ. ಕಣ್ಣು ಉರಿಯುತ್ತದೆ ಎಂಬ ಹೆದರಿಕೆಗೆ ನಾವು ಅಲ್ಲಿ ಕೈ ಹಾಕುವುದೇ ಇಲ್ಲ. ತಂಪು ಕನ್ನಡಕ ಬಳಸಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಇದುವರೆಗೆ ಹೇಳಿದ್ದೆಲ್ಲ ಚರ್ಮ ಕೆಂಪಾಗುವ ಲೆಕ್ಕ. ಆದರೆ ಬಿಸಿಲು ಮಾಡುವ ಹಾನಿಯೆಲ್ಲ ಕೆಂಪಾಗಿ ಕಾಣುವುದಿಲ್ಲ.

ನೆಲಕ್ಕೆ ತಲುಪುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆ. ಯುವಿಬಿ ಚರ್ಮವನ್ನು ಸುಡುತ್ತದೆ, ಕೆಂಪು ಮಾಡುತ್ತದೆ. ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಹೇಳುವುದು ಇದರ ಕಥೆ. ಇನ್ನೊಂದು ಯುವಿಎ. ನೆಲಕ್ಕೆ ಬರುವುದರಲ್ಲಿ ಸುಮಾರು ಶೇ. 95 ಇದೇ. ಇದು ಅಷ್ಟಾಗಿ ಸುಡುವುದಿಲ್ಲ, ಆದರೆ ಆಳಕ್ಕೆ ಇಳಿಯುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಟ್ಟ ಕೊಲಾಜೆನ್ ಎಳೆಗಳನ್ನು ನಿಧಾನವಾಗಿ ಹಾಳುಮಾಡುತ್ತದೆ. ಸುಕ್ಕು, ಕಲೆ, ಜೋಲು ಚರ್ಮ ಬರುವುದರಲ್ಲಿ ಇದರ ಪಾಲು ದೊಡ್ಡದು. ಕಿಟಕಿಯ ಸಾಮಾನ್ಯ ಗಾಜು ಯುವಿಬಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಯುವಿಎ ಅದನ್ನು ದಾಟಿ ಬರುತ್ತದೆ.

ಇದು ಎಷ್ಟು ನಿಜ ಅಂತ ತೋರಿಸುವ ಒಂದು ಫೋಟೋ 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಚಾಲಕರೊಬ್ಬರ ಮುಖ ಅದು. ಬಲಗೆನ್ನೆ ವಯಸ್ಸಿಗೆ ತಕ್ಕಂತಿದೆ. ಕಿಟಕಿ ಕಡೆಗಿದ್ದ ಎಡಗೆನ್ನೆ ದಪ್ಪಗಾಗಿ, ಆಳವಾದ ಸುಕ್ಕು ಬಿದ್ದು, ಬೇರೆ ಯಾರದ್ದೋ ಎಂಬಂತಿದೆ. ನಾನು ಆ ಫೋಟೋವನ್ನು ತುಂಬಾ ಹೊತ್ತು ನೋಡಿದ್ದೇನೆ. ಮನೆಯೊಳಗೆ ಕಿಟಕಿ ಪಕ್ಕ ಕೂತು ಕೆಲಸ ಮಾಡುವವರಿಗೂ ದಿನದ ಕ್ರೀಮ್ ಬೇಕು ಅಂತ ನನಗೆ ಮನದಟ್ಟಾದದ್ದು ಆಗಲೇ.

ಹಾಗಾಗಿ ಲೇಬಲ್ ಮೇಲೆ ಎಸ್‌ಪಿಎಫ್ ಜೊತೆಗೆ ಯುವಿಎ ರಕ್ಷಣೆ ತಿಳಿಸುವ ಇನ್ನೊಂದು ಗುರುತು ಇರಲೇಬೇಕು. ಅದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ‘ಬ್ರಾಡ್ ಸ್ಪೆಕ್ಟ್ರಮ್’ ಅಂತ ಬರೆಯುತ್ತಾರೆ. ಯೂರೋಪಿನಲ್ಲಿ ಒಂದು ವೃತ್ತದೊಳಗೆ ಯುವಿಎ ಅಂತ ಇರುತ್ತದೆ. ಯುವಿಎ ರಕ್ಷಣೆ ಕನಿಷ್ಠ ಎಸ್‌ಪಿಎಫ್‌ನ ಮೂರನೇ ಒಂದು ಭಾಗದಷ್ಟಿದೆ ಅಂತ ಅದರ ಅರ್ಥ. ಜಪಾನಿನವರು 1996ರಲ್ಲಿ ಪಿಎ ಪದ್ಧತಿ ತಂದರು. ಪ್ಲಸ್ ಗುರುತು ಹೆಚ್ಚಿದಷ್ಟೂ ಯುವಿಎ ರಕ್ಷಣೆ ಹೆಚ್ಚು. 2013ರಿಂದ ನಾಲ್ಕು ಪ್ಲಸ್‌ವರೆಗೆ ಇದೆ. ಪಿಎ+++ ಅಥವಾ ಪಿಎ++++ ಇದ್ದರೆ ಒಳ್ಳೆಯದು. ಬರೀ ಎಸ್‌ಪಿಎಫ್ ಬರೆದು ಯುವಿಎ ಬಗ್ಗೆ ಏನೂ ಹೇಳದ ಕ್ರೀಮನ್ನು, ಅದರ ಅಂಕಿ ಎಷ್ಟೇ ದೊಡ್ಡದಿರಲಿ, ವಾಪಸ್ ಇಟ್ಟುಬಿಡಿ.

ಕಿರಣವನ್ನು ತಡೆಯುವ ಪದಾರ್ಥಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ನಂಥ ಖನಿಜಗಳು ಕನ್ನಡಿಯ ಹಾಗೆ ಬೆಳಕನ್ನು ವಾಪಸ್ ಕಳಿಸುತ್ತವೆ, ಉಳಿದ ರಾಸಾಯನಿಕಗಳು ಹೀರಿಕೊಳ್ಳುತ್ತವೆ ಅಂತ. ನಿಜವಾಗಿ ಖನಿಜಗಳೂ ಅತಿನೇರಳೆ ಕಿರಣವನ್ನು ಹೆಚ್ಚಾಗಿ ಹೀರಿಕೊಂಡು ಶಾಖವಾಗಿ ಬಿಡುತ್ತವೆ. ವಾಪಸ್ ಕಳಿಸುವ ಪಾಲು ತೀರಾ ಕಡಿಮೆ. ಹಾಗಂತ ಬಳಕೆಯಲ್ಲಿ ವ್ಯತ್ಯಾಸ ಇಲ್ಲವೆಂದಲ್ಲ. ಬೇಗ ಉರಿ, ತುರಿಕೆ ಬರುವ ಸೂಕ್ಷ್ಮ ಚರ್ಮಕ್ಕೆ ಜಿಂಕ್ ಆಕ್ಸೈಡ್ ಚೆನ್ನಾಗಿ ಹೊಂದುತ್ತದೆ. ಅವೊಬೆಂಜೋನ್ ಎಂಬುದು ಯುವಿಎಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲಿಗೆ ತಾನೇ ಒಡೆದುಹೋಗುತ್ತದೆ. ಅದಕ್ಕೆ ಆಕ್ಟೋಕ್ರಿಲೀನ್‌ನಂಥ ಆಸರೆ ಬೇಕು.

ಖನಿಜಗಳ ತೊಂದರೆ ಬಿಳಿ ಛಾಯೆ. ಕಂದು, ಕಪ್ಪು ಮೈಬಣ್ಣದವರ ಮುಖದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಬೂದಿಯಂತೆ ಕಂಡರೆ ಯಾರೂ ಕಾಲು ಚಮಚ ಹಚ್ಚುವುದಿಲ್ಲ. ಅದು ಸಹಜ. ಇಂಥವರಿಗೆ ಐರನ್ ಆಕ್ಸೈಡ್ ಎಂಬ ಬಣ್ಣದ ಪುಡಿ ಸೇರಿಸಿದ, ಮೈಬಣ್ಣಕ್ಕೆ ಹತ್ತಿರದ ‘ಟಿಂಟೆಡ್’ ಕ್ರೀಮ್‌ಗಳಿವೆ. ಇವುಗಳಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಮುಖದ ಮೇಲೆ ಬಂಗು ಇರುವವರಿಗೆ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಬೆಳಕು, ಕಲೆಯನ್ನು ಗಾಢ ಮಾಡುತ್ತದೆ. ಕಪ್ಪು ಚರ್ಮದಲ್ಲಿ ಈ ಪರಿಣಾಮ ಹೆಚ್ಚು. ಬಣ್ಣವಿಲ್ಲದ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ತಡೆಯುತ್ತದೆ. ತಿಂಗಳುಗಟ್ಟಲೆ ಬಂಗಿಗೆ ಔಷಧಿ ಹಚ್ಚಿ ಬೇಸತ್ತವರಲ್ಲಿ ಎಷ್ಟೋ ಜನರಿಗೆ ಈ ಒಂದು ವಿಷಯ ಯಾರೂ ಹೇಳಿರುವುದಿಲ್ಲ. ‘ನಮ್ಮದು ಕಪ್ಪು ಚರ್ಮ, ಸನ್‌ಸ್ಕ್ರೀನ್ ಯಾಕೆ?’ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಸುಡುವುದನ್ನು ಸಾಕಷ್ಟು ತಡೆಯುತ್ತದೆ. ಕಲೆ ಬೀಳುವುದನ್ನು ತಡೆಯುವುದಿಲ್ಲ.

ಇನ್ನು ಮಾಯಿಶ್ಚರೈಸರ್ ಭಾಗಕ್ಕೆ ಬರೋಣ. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತ ಜೀವಕೋಶಗಳು ಇಟ್ಟಿಗೆ. ನಡುವಿನ ಗಾರೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲ. ಗಾರೆ ಸಡಿಲವಾದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಚರ್ಮ ಒಡೆಯುತ್ತದೆ. ಗ್ಲಿಸರಿನ್‌ನಂಥವು ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್‌ನಂಥವು ಮೇಲೆ ಮುಚ್ಚಳವಾಗುತ್ತವೆ. ಒಣ ಚರ್ಮಕ್ಕೆ ಸೆರಮೈಡ್, ಗ್ಲಿಸರಿನ್ ಇರುವ ದಪ್ಪ ಕ್ರೀಮ್ ಬೇಕು. ಎಣ್ಣೆ ಚರ್ಮ, ಮೊಡವೆ ಇರುವವರಿಗೆ ಜೆಲ್ ಅಥವಾ ತೆಳು ಲೋಷನ್ ಸಾಕು. ಸೂಕ್ಷ್ಮ ಚರ್ಮದವರು ಪರಿಮಳ ಸೇರಿಸದ್ದನ್ನೇ ಹುಡುಕಬೇಕು. ಇದರಲ್ಲಿ ಗುಟ್ಟೇನಿಲ್ಲ.

ನನಗೆ ಉಪಯೋಗಕ್ಕೆ ಬಂದ ಪರೀಕ್ಷೆ ಹೀಗಿದೆ. ದೊಡ್ಡ ಟ್ಯೂಬ್ ಕೊಳ್ಳುವ ಮೊದಲು ಚಿಕ್ಕದನ್ನು ತನ್ನಿ. ಕೈಯ ಹಿಂಬದಿಗೆ ಒಂದು ಹನಿ ಸವರಿ ನೋಡಿದರೆ ಏನೂ ಗೊತ್ತಾಗದು. ಪೂರ್ತಿ ಕಾಲು ಚಮಚ ಮುಖಕ್ಕೆ ಹಚ್ಚಿ. ಒಮ್ಮೆಗೇ ಕಷ್ಟ ಅನ್ನಿಸಿದರೆ ಅರ್ಧ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಉಳಿದರ್ಧ ಹಚ್ಚಿ. ಹದಿನೈದು ನಿಮಿಷ ಕಾಯಿರಿ. ಜಿಡ್ಡಾಗಿ ಹೊಳೆಯುತ್ತಿದೆಯಾ? ಎಳೆ ಎಳೆಯಾಗಿ ಉದುರುತ್ತಿದೆಯಾ? ಕಣ್ಣು ಉರಿಯುತ್ತಿದೆಯಾ? ಹಾಗಿದ್ದರೆ ಅದು ಎಷ್ಟೇ ಒಳ್ಳೆಯ ಕ್ರೀಮ್ ಆಗಿರಲಿ, ನಿಮಗಲ್ಲ. ಮೂರನೇ ದಿನದಿಂದಲೇ ನೀವು ಕಡಿಮೆ ಹಿಂಡಲು ಶುರು ಮಾಡುತ್ತೀರಿ. ಏನೂ ಹಚ್ಚಿಲ್ಲ ಅನ್ನಿಸುವಂಥ ಎಸ್‌ಪಿಎಫ್ 30, ಸಹಿಸಿಕೊಂಡು ಹಚ್ಚುವ ಎಸ್‌ಪಿಎಫ್ 50ಕ್ಕಿಂತ ಮೇಲು.

ದಿನಾ ಹಚ್ಚುವುದರಿಂದ ನಿಜಕ್ಕೂ ಏನಾದರೂ ಆಗುತ್ತದಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಂಬೂರ್ ಎಂಬ ಊರಲ್ಲಿ 1992ರಿಂದ 1996ರವರೆಗೆ ಸಂಶೋಧಕಿ ಆಡೆಲ್ ಗ್ರೀನ್ ಮತ್ತು ಅವರ ತಂಡ 1,621 ಜನರನ್ನು ಗುಂಪು ಮಾಡಿ ನೋಡಿತು. ಕೆಲವರು ದಿನಾ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ತಮಗೆ ಬೇಕೆನಿಸಿದಾಗ ಹಚ್ಚಬಹುದು. ದಿನಾ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆ ಕಂಡುಬಂತು. 2013ರಲ್ಲಿ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಹೊರಬಂತು. ನಾಲ್ಕೂವರೆ ವರ್ಷದಲ್ಲಿ ಚರ್ಮಕ್ಕೆ ವಯಸ್ಸಾಗುವುದು ದಿನಾ ಹಚ್ಚಿದವರಲ್ಲಿ ಶೇ. 24ರಷ್ಟು ಕಡಿಮೆ ಇತ್ತು. ಅಲ್ಲಿ ಕೊಟ್ಟ ಕ್ರೀಮಿನ ಎಸ್‌ಪಿಎಫ್ ಸುಮಾರು 15 ಮಾತ್ರ. ನನ್ನ ಮನಸ್ಸಿನಲ್ಲಿ ಉಳಿದದ್ದು ಇದೇ. ಅಂಕಿ ಚಿಕ್ಕದು, ಆದರೆ ದಿನಾ ಹಚ್ಚಿದರು.

ಮಾಯಿಶ್ಚರೈಸರ್ ಸಾಲದ ಸಂದರ್ಭಗಳೂ ಇವೆ. ಇಂಥ ಕ್ರೀಮ್‌ಗಳಲ್ಲಿ ಹೆಚ್ಚಿನವು ನೀರಿಗೆ, ಬೆವರಿಗೆ ನಿಲ್ಲುವುದಿಲ್ಲ. ಹೊಲ, ಆಟದ ಮೈದಾನ, ಈಜು, ದೂರದ ನಡಿಗೆ ಅಂದರೆ ನೀರಿಗೆ ನಿಲ್ಲುವ ಸನ್‌ಸ್ಕ್ರೀನ್ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಜೊತೆಗೆ ಟೋಪಿ ಮತ್ತು ಉದ್ದ ತೋಳಿನ ಬಟ್ಟೆ ಇರಬೇಕು. ಹವಾಮಾನ ವರದಿಯ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಅಂತ ಲೆಕ್ಕ. ಎಸ್‌ಪಿಎಫ್ 15 ಕ್ರೀಮಿನ ಮೇಲೆ ಎಸ್‌ಪಿಎಫ್ 30 ಫೌಂಡೇಶನ್ ಹಚ್ಚಿದರೆ 45 ಆಗುವುದಿಲ್ಲ. ಎರಡನ್ನೂ ಅಂಗೈಯಲ್ಲಿ ಕಲಸಿ ಹಚ್ಚಿದರೆ ಇನ್ನೂ ಕೆಡುತ್ತದೆ, ಯಾಕೆಂದರೆ ಚರ್ಮದ ಮೇಲೆ ಸಮವಾಗಿ ಕೂರಬೇಕಾದ ಪೊರೆ ಒಡೆಯುತ್ತದೆ. ಬೇರೆ ಸೀರಮ್, ಔಷಧಿ ಇದ್ದರೆ ಮೊದಲು ಅವು, ಆಮೇಲೆ ಇದು. ಆರು ತಿಂಗಳೊಳಗಿನ ಮಕ್ಕಳಿಗೆ ಇಂಥದ್ದು ಯಾವುದೂ ಬೇಡ, ನೆರಳು ಮತ್ತು ಬಟ್ಟೆ ಸಾಕು. ರಾತ್ರಿಗೆ ಎಸ್‌ಪಿಎಫ್ ಇಲ್ಲದ ಬೇರೆ ಮಾಯಿಶ್ಚರೈಸರ್ ಇಟ್ಟುಕೊಳ್ಳಿ, ಬೆಳಗಿನದನ್ನು ಸುಮ್ನೆ ಖರ್ಚು ಮಾಡಬೇಡಿ.

ಟ್ಯೂಬನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಶಾಖಕ್ಕೆ ಕ್ರೀಮ್ ಒಡೆಯುತ್ತದೆ. ಟ್ಯೂಬಿನ ಹಿಂದೆ ಮುಚ್ಚಳ ತೆರೆದ ಚಿಕ್ಕ ಡಬ್ಬಿಯ ಚಿತ್ರ, ಅದರೊಳಗೆ 12 ಎಂಬ ಅಂಕಿ ಇದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಅಂತ ಅರ್ಥ. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಟ್ಯೂಬ್ ಮೇಲೇ ಬರೆದಿಡಿ. ಖಾಲಿಯಾದ ದಿನ ಅದನ್ನು ನೋಡಿ. 50 ಗ್ರಾಂ ಟ್ಯೂಬಿಗೆ ಆರೇಳು ವಾರವಾಗಿದ್ದರೆ ಅಳತೆ ಸರಿ ಇದೆ. ಮೂರು ತಿಂಗಳು ಬಂದಿದ್ದರೆ ನೀವು ಹಚ್ಚುತ್ತಿರುವುದು ಅರ್ಧ.